ಜಡ್ಡಾದ ಕೋಳಿ: ಕೊಲ್ಲುವುದೋ, ಕಾಯುವುದೋ?

ಭೌತಶಾಸ್ತ್ರದ ಪಾಠದ ನಡುವೆ ಕೋಳಿಯ ಮಾತು ಬರುವುದು ಅಪರೂಪ. ಆದರೆ ದೇವರ ಹಿಪ್ಪರಗಿಯಂಥ ಊರಿನಲ್ಲಿ ಪಾಠ ಹೇಳುವವರಿಗೆ ಅದು ತೀರ ಅಸಂಭವವೂ ಅಲ್ಲ. ಕೆಲವು ವರ್ಷಗಳ ಹಿಂದೆ, ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಪರಮಾಣು ಸರಪಳಿ ಕ್ರಿಯೆಯ ಪಾಠವನ್ನು ಮುಗಿಸಿ ನಾವು ಕರಿಹಲಗೆಯನ್ನು ಒರೆಸುತ್ತಿದ್ದೆವು. ಹುಡುಗರೆಲ್ಲರೂ ಹೊರಟುಹೋಗಿದ್ದರು. ಒಬ್ಬ ವಿದ್ಯಾರ್ಥಿನಿ ಮಾತ್ರ ಬಾಗಿಲ ಬಳಿ ನಿಂತಿದ್ದಳು. ಪಾಠದಲ್ಲಿ ಸಂಶಯವಿರಬೇಕೆಂದು ಕೊಂಡು ಏನೆಂದು ಕೇಳಿದೆವು.

“ಸರ್, ನಮ್ಮ ಮನ್ಯಾಗಿನ ಕೋಳಿಗಿ ಜಡ್ಡಾಗ್ಯದರಿ. ಅವ್ವ ಕೊಯ್ಯೂನು ಅಂತಾಳ. ದವಾಖಾನಿಗಿ ಒಯ್ದ್ರ ಉಳೀತದೇನ್ರಿ?”

ಅವಳ ಮನೆಯಲ್ಲಿ ಹನ್ನೆರಡು ಜವಾರಿ ಕೋಳಿಗಳಿದ್ದವು. ಅವುಗಳ ಮೊಟ್ಟೆಯನ್ನು ಮಾರಿದ ಹಣದಿಂದಲೇ ಅವಳ ಪುಸ್ತಕ, ಪರೀಕ್ಷೆಯ ಶುಲ್ಕಗಳು ಸಾಗುತ್ತಿದ್ದವೆಂಬುದು ನಮಗೆ ಆಮೇಲೆ ತಿಳಿಯಿತು. ಪ್ರಶ್ನೆ ಸಣ್ಣದೆಂದು ತೋರಿದರೂ ಅದಕ್ಕೆ ಒಡನೆಯೇ ಉತ್ತರ ಹೇಳಲು ನಮ್ಮಿಂದಾಗಲಿಲ್ಲ. ಕೋಳಿಯನ್ನು ಸಾಕುವುದೇ ಒಂದಲ್ಲ ಒಂದು ದಿನ ಕೊಯ್ಯುವುದಕ್ಕೆ. ಹೀಗಿರುವಲ್ಲಿ ಅದಕ್ಕೆ ರೋಗ ಬಂದಾಗ ಚಿಕಿತ್ಸೆ ಮಾಡಿಸುವುದು ಕರ್ತವ್ಯವೇ? ರೋಗಿಯಾದ ಒಂದನ್ನು ಕೊಂದು ಉಳಿದ ಹನ್ನೊಂದನ್ನು ರಕ್ಷಿಸುವುದು ನ್ಯಾಯವೇ? ಕೊಲ್ಲುವುದೇ ಸರಿಯಾದರೆ, ಯಾರು, ಯಾವಾಗ, ಯಾವ ಆಧಾರದ ಮೇಲೆ ಆ ನಿರ್ಣಯವನ್ನು ಮಾಡಬೇಕು? ಈ ಪ್ರಶ್ನೆಗಳನ್ನು ವಿಜ್ಞಾನದ ಬೆಳಕಿನಲ್ಲಿ ಕೊಂಚ ವಿಚಾರಮಾಡೋಣ.

ಹಿತ್ತಲಿನ ಸಂಪತ್ತು

ಕೋಳಿಯ ಮಾತು ಹಗುರವಾದುದೆಂದು ಯಾರೂ ಭಾವಿಸಬಾರದು. ೨೦೧೯ರ ಜಾನುವಾರು ಗಣತಿಯ ಪ್ರಕಾರ ನಮ್ಮ ದೇಶದಲ್ಲಿದ್ದ ಕೋಳಿ ಮೊದಲಾದ ಸಾಕುಹಕ್ಕಿಗಳ ಸಂಖ್ಯೆ ಸುಮಾರು ೮೫ ಕೋಟಿ. ಇವುಗಳಲ್ಲಿ ಸುಮಾರು ೩೧ ಕೋಟಿ ೭೦ ಲಕ್ಷ ಹಕ್ಕಿಗಳು ದೊಡ್ಡ ಸಾಕಣೆಯ ಕೇಂದ್ರಗಳಲ್ಲಿ ಇರುವಂಥವಲ್ಲ. ಅವು ಮನೆಗಳ ಹಿತ್ತಲಿನಲ್ಲಿ, ತಿಪ್ಪೆಯ ಮೇಲೆ, ಕಣದ ಅಂಚಿನಲ್ಲಿ ಕೆದಕಿ ತಿಂದು ಬದುಕುವಂಥವು. ಇವುಗಳ ಆರೈಕೆ ಬಹುಮಟ್ಟಿಗೆ ಹೆಂಗಸರ ಕೈಯಲ್ಲಿದೆ. ಭೂಮಿಯಿಲ್ಲದ ಮನೆಗೂ ನಾಲ್ಕು ಕೋಳಿಗಳಿರಬಹುದು. ದೊಡ್ಡ ಕೇಂದ್ರದ ಕೋಳಿಗಳನ್ನು ನೋಡಿಕೊಳ್ಳಲು ವೈದ್ಯರೂ, ಲಸಿಕೆಗಳ ವೇಳಾಪಟ್ಟಿಯೂ, ವಿಮೆಯೂ ಇರುವ ಸಂಭವವುಂಟು. ಹಿತ್ತಲ ಕೋಳಿಗೆ ಇರುವ ವಿಮೆಯೆಂದರೆ ಮನೆಯೊಡತಿಯ ಕಣ್ಣು ಮಾತ್ರ.

ಇಲ್ಲಿಯೇ ನೀತಿಯ ತೊಡಕು ಮೊದಲಾಗುತ್ತದೆ. ಎತ್ತಿಗೆ ಜಡ್ಡಾದರೆ ಒಕ್ಕಲಿಗನು ರಾತ್ರಿಯೇ ಆದರೂ ವೈದ್ಯರನ್ನು ಕರೆತರುತ್ತಾನೆ. ಕೋಳಿಗೆ ಜಡ್ಡಾದರೆ ಆಸ್ಪತ್ರೆಗೆ ಹೋಗಿಬರುವ ಖರ್ಚು ಮತ್ತು ಒಂದು ದಿನದ ಕೂಲಿ ಸೇರಿ ಕೋಳಿಯ ಬೆಲೆಯನ್ನೇ ಮೀರಬಹುದು. ಆದುದರಿಂದ ಬಡವರ ಮನೆಯಲ್ಲಿ ಕತ್ತಿಯೇ ಅಗ್ಗದ ಚಿಕಿತ್ಸೆಯಾಗಿ ಉಳಿಯುತ್ತದೆ. ಇದನ್ನು ಕ್ರೌರ್ಯವೆಂದು ಕರೆಯುವುದು ಸುಲಭ. ಆದರೆ ಅದರ ಹಿಂದಿರುವ ಲೆಕ್ಕವನ್ನು ಅರಿಯದೆ ಹಾಗೆ ಕರೆಯುವುದು ನ್ಯಾಯವಲ್ಲ.

ಮೊದಲು ರೋಗವಾವುದೆಂದು ತಿಳಿಯಬೇಕು

ಅಂದು ಸಂಜೆ ನಾವು ಆ ವಿದ್ಯಾರ್ಥಿನಿಯ ಮನೆಗೆ ಹೋದೆವು. ಕೋಳಿಗಳೆಲ್ಲ ಬೇವಿನ ಮರದ ಕೆಳಗೆ ಇದ್ದವು. ಅವುಗಳಲ್ಲಿ ಮೂರು ನಾಲ್ಕು ಕೊಕ್ಕು ತೆರೆದು ಏದುತ್ತಿದ್ದವು. “ನೋಡ್ರಿ, ಎಲ್ಲಾಕೂ ಹತ್ತೇದ” ಎಂದು ತಾಯಿ ಕಳವಳಪಟ್ಟರು. ಈ ಒಂದು ವಿಷಯದಲ್ಲಿ ಮಾತ್ರ ಭೌತಶಾಸ್ತ್ರ ನಮ್ಮ ನೆರವಿಗೆ ಬಂತು.

ಕೋಳಿಯ ದೇಹದ ಸಹಜವಾದ ಉಷ್ಣತೆ ಸುಮಾರು ೪೧ ಡಿಗ್ರಿ ಸೆಲ್ಸಿಯಸ್. ಮನುಷ್ಯನಿಗೆ ಇದು ಸುಡುಜ್ವರ. ಕೋಳಿಗೆ ಇದೇ ಆರೋಗ್ಯ. ಆ ದೇಹದಲ್ಲಿ ಪ್ರತಿಕ್ಷಣವೂ ಶಾಖ ಹುಟ್ಟುತ್ತದೆ. ಒಂದೂವರೆ ಕಿಲೋಗ್ರಾಂ ತೂಕದ ಕೋಳಿ ಸುಮ್ಮನೆ ಕುಳಿತಾಗಲೂ ಐದಾರು ವ್ಯಾಟಿನಷ್ಟು ಶಾಖವನ್ನು ಹೊರಹಾಕಬೇಕಾಗುತ್ತದೆ. ಸುತ್ತಲಿನ ಗಾಳಿ ತಂಪಾಗಿದ್ದರೆ ಶಾಖ ತಾನಾಗಿಯೇ ಹರಿದುಹೋಗುತ್ತದೆ. ಆದರೆ ವಿಜಯಪುರ ಜಿಲ್ಲೆಯ ಬೇಸಗೆಯಲ್ಲಿ ಗಾಳಿಯೇ ೪೦ ಡಿಗ್ರಿಯನ್ನು ದಾಟಿದಾಗ, ಶಾಖ ಹರಿಯುವುದಾದರೂ ಎಲ್ಲಿಗೆ? ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಅದಕ್ಕೆ ಉಳಿದಿರುವ ಉಪಾಯ ಒಂದೇ: ಕೊಕ್ಕು ತೆರೆದು ಏದುತ್ತ ಗಂಟಲಿನ ಹಾಗೂ ಶ್ವಾಸನಾಳದ ತೇವವನ್ನು ಆವಿಯಾಗಿಸುವುದು. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು ೨,೪೦೦ ಜೂಲ್ ಶಾಖವನ್ನು ಒಯ್ಯುತ್ತದೆ. ಹತ್ತು ಗ್ರಾಂ ನೀರು ಒಯ್ಯುವ ಶಾಖ ೨೪,೦೦೦ ಜೂಲ್. ಎಂದರೆ ಆ ಕೋಳಿಯ ಒಂದು ಗಂಟೆಗೂ ಮಿಕ್ಕಿದ ಕಾಲದ ಶಾಖ. ಕೊಕ್ಕು ತೆರೆದು, ರೆಕ್ಕೆಗಳನ್ನು ಮೈಯಿಂದ ದೂರಮಾಡಿ ನಿಂತಿರುವ ಕೋಳಿ ಎಲ್ಲ ವೇಳೆಯಲ್ಲಿಯೂ ರೋಗಿಯಲ್ಲ. ಅದು ತನ್ನ ಶರೀರದ ಯಂತ್ರವನ್ನು ತಣಿಸಿಕೊಳ್ಳುತ್ತಿರುತ್ತದೆ. ನೆರಳೂ ತಣ್ಣೀರೂ ಅದಕ್ಕೆ ಸಾಕಾದ ಔಷಧ. ಆ ತಾಯಿಗೆ ಇದನ್ನು ವಿವರಿಸಿ ಮಣ್ಣಿನ ಬೋಗುಣಿಯಲ್ಲಿ ನೀರಿಡಿಸಿದೆವು. ಹೊತ್ತು ಮುಳುಗುವ ವೇಳೆಗೆ ಏದುತ್ತಿದ್ದ ಕೋಳಿಗಳು ಸುಧಾರಿಸಿಕೊಂಡು ಕೆದಕತೊಡಗಿದವು. ಅವುಗಳನ್ನು ಅವಸರದಲ್ಲಿ ಕೊಯ್ದಿದ್ದರೆ ಅದು ಅಜ್ಞಾನದ ಕೊಲೆಯಾಗುತ್ತಿತ್ತು.

ಒಂದು ಹೇಂಟೆ ಮಾತ್ರ ಸುಧಾರಿಸಲಿಲ್ಲ. ಅದು ಗೋಡೆಯ ಮೂಲೆಯಲ್ಲಿ ಗರಿ ಕೆದರಿಕೊಂಡು ಮಂಕಾಗಿ ಕುಳಿತಿತ್ತು. ಹಿಕ್ಕೆ ಹಸಿರಾಗಿ ನೀರಾಗಿತ್ತು. ಕತ್ತು ಮೆಲ್ಲನೆ ಒಂದು ಕಡೆಗೆ ತಿರುಚತೊಡಗಿತ್ತು.

ಕೋಳಿಯ ರೋಗಗಳೆಲ್ಲ ಒಂದೇ ಬಗೆಯವಲ್ಲ. ರಕ್ತಭೇದಿಯನ್ನು ಉಂಟುಮಾಡುವ ಕಾಕ್ಸಿಡಿಯ ಎಂಬ ಏಕಕೋಶ ಜೀವಿಗೆ ಔಷಧವುಂಟು. ಹೊಟ್ಟೆಯ ಜಂತುಗಳಿಗೆ ಔಷಧವುಂಟು. ಬ್ಯಾಕ್ಟೀರಿಯಗಳಿಂದ ಬರುವ ನೆಗಡಿ, ಕಾಲರಾಗಳಿಗೆ ಸಕಾಲದಲ್ಲಿ ಚಿಕಿತ್ಸೆಯಾದರೆ ಗುಣ ಕಾಣಬಹುದು. ಕೋಳಿ ಸಿಡುಬು ಬಂದ ಹಕ್ಕಿಗಳಲ್ಲಿ ಅನೇಕವು ಆರೈಕೆಯಿಂದ ತಾವಾಗಿಯೇ ಚೇತರಿಸುತ್ತವೆ. ಆದುದರಿಂದ ‘ಜಡ್ಡಾದ ಕೋಳಿಯನ್ನು ಕೊಲ್ಲಬೇಕು’ ಎಂಬ ನಿಯಮವೂ, ‘ಜಡ್ಡಾದ ಕೋಳಿಗೆ ಔಷಧ ಹಾಕಬೇಕು’ ಎಂಬ ನಿಯಮವೂ ಎರಡೂ ಅಪೂರ್ಣ. ರೋಗದ ಹೆಸರು ತಿಳಿಯುವ ಮೊದಲು ಮಾಡಿದ ತೀರ್ಮಾನ, ವಿಚಾರಣೆಗೆ ಮೊದಲೇ ಕೊಟ್ಟ ಶಿಕ್ಷೆಯಂತೆ.

ಕೊಕ್ಕರೆ ರೋಗ

ಮರುದಿನ ಬೆಳಿಗ್ಗೆ ಹೇಂಟೆಯನ್ನು ಬುಟ್ಟಿಯಲ್ಲಿಟ್ಟು ಗೋಣಿಯಿಂದ ಮುಚ್ಚಿ ಪಶು ಆಸ್ಪತ್ರೆಗೆ ಒಯ್ದೆವು. ಬುಟ್ಟಿಯನ್ನು ಒಳಗೆ ತರಬೇಡಿರೆಂದು ಹೇಳಿ ವೈದ್ಯರೇ ಹೊರಗೆ ಬಂದರು. ಕೈಗವಸು ತೊಟ್ಟು ಪರೀಕ್ಷಿಸಿದರು. ಎಷ್ಟು ದಿನವಾಯಿತು, ಬೇರೆ ಎಷ್ಟು ಸತ್ತವು, ಇತ್ತೀಚೆಗೆ ಸಂತೆಯಿಂದ ಹೊಸ ಕೋಳಿ ತಂದಿರುವಿರೇ ಎಂದು ಒಂದೊಂದಾಗಿ ಕೇಳಿದರು. ಎಂಟು ದಿನಗಳ ಹಿಂದೆ ಒಂದು ಹುಂಜವನ್ನು ತಂದಿದ್ದುದೂ, ಅದು ಮೂರನೆಯ ದಿನವೇ ಸತ್ತುದೂ ಆಗ ಹೊರಬಿತ್ತು. “ಇದು ಕೊಕ್ಕರೆ ರೋಗದಂತೆ ಕಾಣುತ್ತದೆ” ಎಂದ ವೈದ್ಯರು, ಖಚಿತವಾಗಲೆಂದು ಗಂಟಲಿನ ಮಾದರಿಯನ್ನು ತೆಗೆದು ಪ್ರಯೋಗಶಾಲೆಗೆ ಕಳುಹಿಸುವ ಏರ್ಪಾಡು ಮಾಡಿದರು.

ಕನ್ನಡದಲ್ಲಿ ಕೊಕ್ಕರೆ ರೋಗವೆಂದು ಕರೆಯುವ ಈ ವ್ಯಾಧಿಗೆ ವೈದ್ಯಗ್ರಂಥಗಳಲ್ಲಿ ಎರಡು ಊರುಗಳ ಹೆಸರಿದೆ. ೧೯೨೬ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದ ಬಳಿ ಇದು ಕಾಣಿಸಿಕೊಂಡುದರಿಂದ ಜಗತ್ತೆಲ್ಲ ಇದನ್ನು ನ್ಯೂಕ್ಯಾಸಲ್ ರೋಗವೆನ್ನುತ್ತದೆ. ಅದಾದ ಸ್ವಲ್ಪ ಕಾಲದಲ್ಲಿಯೇ ಹಿಮಾಲಯದ ಕುಮಾವೂಂ ಪ್ರಾಂತದ ರಾಣಿಖೇತದಲ್ಲಿ ಗುರುತಿಸಲ್ಪಟ್ಟುದರಿಂದ ಭಾರತದಲ್ಲಿ ಇದಕ್ಕೆ ರಾಣಿಖೇತ ರೋಗವೆಂದು ಹೆಸರಾಯಿತು. ಇದನ್ನು ಉಂಟುಮಾಡುವುದು ಒಂದು ವೈರಸ್. ಲಸಿಕೆ ಪಡೆಯದ ಕೋಳಿಗಳ ಗುಂಪಿಗೆ ಇದರ ತೀವ್ರ ರೂಪ ನುಗ್ಗಿದರೆ ನೂರಕ್ಕೆ ತೊಂಬತ್ತು ಸತ್ತರೂ ಆಶ್ಚರ್ಯವಿಲ್ಲ. ಒಮ್ಮೆ ತಗುಲಿದ ಮೇಲೆ ಇದನ್ನು ಗುಣಪಡಿಸುವ ಔಷಧ ಇಂದಿಗೂ ಇಲ್ಲ. ಆದರೆ ಬಾರದಂತೆ ತಡೆಯುವ ಲಸಿಕೆ ಇದೆ. ೧೯೪೦ರ ದಶಕದಲ್ಲಿ ಮುಕ್ತೇಶ್ವರದ ಸಂಶೋಧನಾಲಯದಲ್ಲಿ ಸಿದ್ಧವಾದ ಲಸಿಕೆಯ ತಳಿಯನ್ನು ನಮ್ಮ ದೇಶದಲ್ಲಿ ಈಗಲೂ ಬಳಸುತ್ತಾರೆ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ನಮ್ಮ ರಾಜ್ಯಕ್ಕೆ ಬೇಕಾದ ಪಶುಲಸಿಕೆಗಳನ್ನು ತಯಾರಿಸುತ್ತದೆ.

ಲಸಿಕೆಯ ವಿಚಾರದಲ್ಲಿ ನಾವು ಕೋಳಿಗೆ ಋಣಿಗಳೆಂಬುದನ್ನೂ ಇಲ್ಲಿ ನೆನೆಯಬೇಕು. ೧೮೭೯ರಲ್ಲಿ ಫ್ರಾನ್ಸಿನ ಲೂಯಿ ಪಾಸ್ತರನು ಕೋಳಿಗಳ ಕಾಲರಾ ರೋಗವನ್ನು ಅಭ್ಯಾಸಮಾಡುತ್ತಿದ್ದನು. ಬೇಸಗೆಯ ರಜೆಯಲ್ಲಿ ಹಾಗೆಯೇ ಉಳಿದು ಹಳತಾಗಿದ್ದ ರೋಗಾಣುಗಳನ್ನು ಚುಚ್ಚಿದಾಗ ಕೋಳಿಗಳು ಸಾಯಲಿಲ್ಲ. ಅಷ್ಟೇ ಅಲ್ಲ, ಮುಂದೆ ಹೊಸ ರೋಗಾಣುಗಳನ್ನು ಚುಚ್ಚಿದಾಗಲೂ ಅವು ಬದುಕಿದವು. ದುರ್ಬಲಗೊಳಿಸಿದ ರೋಗಾಣುವೇ ರಕ್ಷಕವಾಗಬಲ್ಲುದೆಂಬ ತತ್ತ್ವ ಹೀಗೆ ಪ್ರಯೋಗಶಾಲೆಗೆ ಬಂದುದು ಕೋಳಿಗಳಿಂದ. ಮನುಷ್ಯರ ಇನ್‌ಫ್ಲುಯೆಂಜ ಲಸಿಕೆಯಲ್ಲಿ ಬಹುಪಾಲನ್ನು ಈಗಲೂ ಕೋಳಿಯ ಮೊಟ್ಟೆಯೊಳಗೇ ಬೆಳೆಸುತ್ತಾರೆ.

ಸರಪಳಿ ಕ್ರಿಯೆ

ನಮ್ಮ ಹೇಂಟೆಯ ಮುಂದೆ ಈಗ ಉಳಿದಿದ್ದ ಮಾರ್ಗಗಳೇನು? ತಾಯಿಯ ವಾದ ಸರಳವಾಗಿತ್ತು. “ನಾಳಿ ಸಾಯೂದನ್ನ ಇವತ್ತ ಕೊಯ್ದ್ರ ಏನ್ ಪಾಪರಿ, ಸರ? ಉಳಿದಾವಾದ್ರೂ ಬದುಕ್ಯಾವು.” ಈ ವಾದದಲ್ಲಿ ಸತ್ಯವಿದೆ. ಅದನ್ನು ಅಳೆದು ನೋಡೋಣ.

ರೋಗದ ಹರಡುವಿಕೆ ಗುಣೋತ್ತರ ಶ್ರೇಢಿಯನ್ನು ಅನುಸರಿಸುತ್ತದೆ. ಒಂದು ರೋಗಿ ಕೋಳಿ ನಾಲ್ಕು ದಿನಗಳಲ್ಲಿ ಮೂರು ಕೋಳಿಗಳಿಗೆ ಸೋಂಕು ಕೊಡುವುದೆಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ಒಂದು ಮೂರಾಗುತ್ತದೆ, ಮೂರು ಒಂಬತ್ತಾಗುತ್ತದೆ, ಬಳಿಕ ಇಪ್ಪತ್ತೇಳು, ಎಂಬತ್ತೊಂದು. ಹದಿನಾರು ದಿನಗಳಲ್ಲಿ ಒಂದು ಓಣಿಯ ಕೋಳಿಗಳೆಲ್ಲ ರೋಗದ ತೆಕ್ಕೆಗೆ ಬರುತ್ತವೆ. ಇದು ಪರಮಾಣು ರಿಯಾಕ್ಟರಿನೊಳಗೆ ನ್ಯೂಟ್ರಾನುಗಳು ಹೆಚ್ಚುವ ರೀತಿಯೇ ಸರಿ. ಒಂದು ನ್ಯೂಟ್ರಾನು ಒಂದು ಬೀಜವನ್ನು ಒಡೆದು ಎರಡು ಮೂರು ನ್ಯೂಟ್ರಾನುಗಳನ್ನು ಹೊರಡಿಸುತ್ತದೆ. ಅವು ಮತ್ತೆ ಬೇರೆ ಬೀಜಗಳನ್ನು ಒಡೆಯುತ್ತವೆ. ಕೈಗಾದಂಥ ವಿದ್ಯುದಾಗಾರದಲ್ಲಿ ಈ ಕ್ರಿಯೆ ಮಿತಿಮೀರದಿರುವುದು ಹೇಗೆ? ನ್ಯೂಟ್ರಾನುಗಳನ್ನು ಹೀರಿಕೊಳ್ಳುವ ವಸ್ತುಗಳನ್ನು ನಡುವೆ ಇರಿಸಿ, ಪ್ರತಿಯೊಂದು ಒಡೆತವೂ ಸರಾಸರಿ ಒಂದೇ ಒಡೆತಕ್ಕೆ ಕಾರಣವಾಗುವಂತೆ ನೋಡಿಕೊಳ್ಳುತ್ತಾರೆ.

ಕೋಳಿಗಳ ಗುಂಪಿನಲ್ಲಿ ಇದೇ ಫಲವನ್ನು ಪಡೆಯಲು ಮೂರು ದಾರಿಗಳಿವೆ. ಮೊದಲನೆಯದು, ರೋಗಿಯನ್ನು ಕೊಲ್ಲುವುದು. ಎರಡನೆಯದು, ರೋಗಿಯನ್ನು ಬೇರ್ಪಡಿಸುವುದು. ಮೂರನೆಯದು, ಗುಂಪಿನಲ್ಲಿ ರೋಗ ತಗುಲದ ಕೋಳಿಗಳನ್ನು, ಎಂದರೆ ಲಸಿಕೆ ಪಡೆದವುಗಳನ್ನು, ಮೊದಲೇ ಹೆಚ್ಚಿಸಿಟ್ಟುಕೊಳ್ಳುವುದು. ಮೂರರಲ್ಲಿ ಎರಡು ಕೋಳಿಗಳಿಗೆ ರಕ್ಷಣೆಯಿದ್ದರೆ, ಮೂರಕ್ಕೆ ಹರಡಬೇಕಾಗಿದ್ದ ರೋಗ ಒಂದಕ್ಕೆ ಮಾತ್ರ ಹರಡೀತು. ಅದಕ್ಕಿಂತಲೂ ಹೆಚ್ಚು ರಕ್ಷಣೆಯಿದ್ದರೆ ಸರಪಳಿ ತಾನಾಗಿಯೇ ಕಡಿಯುವುದು. ಲಸಿಕೆ ಪಡೆದ ಕೋಳಿಯು ರಿಯಾಕ್ಟರಿನ ನಿಯಂತ್ರಣ ಸರಳಿನಂತೆ ತನ್ನ ಕಡೆಗೆ ಬಂದ ಸೋಂಕನ್ನು ನುಂಗಿ ಸುಮ್ಮನಾಗುತ್ತದೆ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಕೊಲ್ಲುವುದು ಇಲ್ಲವೇ ಔಷಧ ಹಾಕುವುದು ಎಂಬ ಎರಡೇ ಮಾರ್ಗಗಳಿವೆಯೆಂದು ಭಾವಿಸುವುದು ತಪ್ಪು. ಬೇರ್ಪಡಿಸುವುದೆಂಬ ನಡುವಣ ಮಾರ್ಗ ನಮಗೆ ಕಾಲಾವಕಾಶವನ್ನು ಕೊಡುತ್ತದೆ. ಒಂದು ಬುಟ್ಟಿ, ದೂರದ ಒಂದು ಮೂಲೆ, ಬೇರೆಯಾದ ನೀರಿನ ಪಾತ್ರೆ, ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯುವ ಅಭ್ಯಾಸ — ಇಷ್ಟು ಸಾಕು. ಆ ಕಾಲಾವಕಾಶದಲ್ಲಿ ರೋಗದ ಹೆಸರನ್ನು ತಿಳಿಯಬಹುದು. ಗುಣವಾಗುವ ರೋಗವಾದರೆ ಗುಣಪಡಿಸಬಹುದು. ಆಗದುದಾದರೆ ಕೊಲ್ಲುವ ನಿರ್ಣಯವನ್ನು ಅರಿತು ಮಾಡಬಹುದು. ಕತ್ತಿಯ ಕೆಲಸವನ್ನು ನಾಳೆಯೂ ಮಾಡಬಹುದು. ಒಮ್ಮೆ ಮಾಡಿದ ಮೇಲೆ ಅದನ್ನು ಹಿಂದಕ್ಕೆ ಪಡೆಯುವಂತಿಲ್ಲ.

ತಾಯಿಯ ಮಾತಿನಲ್ಲಿ ಇನ್ನೊಂದು ಅಪಾಯ ಅಡಗಿತ್ತು. ಮನೆಯಲ್ಲಿ ಕೊಯ್ದರೆ ರಕ್ತ, ಗರಿ, ಕರುಳುಗಳಿಂದಲೇ ರೋಗ ಹರಡುತ್ತದೆ. ಸಂತೆಗೆ ಒಯ್ದು ಮಾರಿದರೆ ನಮ್ಮ ನಷ್ಟವನ್ನು ಹತ್ತು ಮನೆಗಳಿಗೆ ಹಂಚಿದಂತಾಗುತ್ತದೆ. ಸತ್ತುದನ್ನು ಹಳ್ಳಕ್ಕೆ ಎಸೆದರೆ ನಾಯಿ, ಕಾಗೆಗಳು ಅದನ್ನು ಊರೆಲ್ಲ ಸಾಗಿಸುತ್ತವೆ. ಆ ಹುಂಜ ಯಾವ ಮನೆಯಿಂದ ಸಂತೆಗೆ ಬಂದಿತ್ತೋ ಆ ಮನೆಯವರು ಈ ಮಾತನ್ನು ಯೋಚಿಸಿದ್ದರೆ, ನಾವು ಆ ದಿನ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಬೇಕಾಗಿರಲಿಲ್ಲ.

ಕೊಲ್ಲಲೇಬೇಕಾದ ಸಂದರ್ಭ

ಆದರೆ ಬೇರ್ಪಡಿಸಿ ಕಾಯುವ ನೀತಿಗೆ ಅವಕಾಶವೇ ಇಲ್ಲದ ಒಂದು ರೋಗವಿದೆ. ಅದು ಹಕ್ಕಿ ಜ್ವರ. ಅದರ ವೈರಸ್ಸುಗಳಲ್ಲಿ ಎಚ್೫ಎನ್೧ ಎಂಬುದು ಕೋಳಿಗಳಿಗೆ ಮಾರಕ. ಅಪರೂಪವಾಗಿಯಾದರೂ ಮನುಷ್ಯನಿಗೂ ಮಾರಕ. ೧೯೯೭ರಲ್ಲಿ ಹಾಂಗ್‌ಕಾಂಗ್‌ನಲ್ಲಿ ೧೮ ಮಂದಿಗೆ ಇದು ತಗುಲಿ ಅವರಲ್ಲಿ ೬ ಮಂದಿ ಸತ್ತರು. ಆ ವರ್ಷದ ಕೊನೆಯಲ್ಲಿ ಅಲ್ಲಿನ ಸರಕಾರ ಕೆಲವೇ ದಿನಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಕೋಳಿಗಳನ್ನು ಕೊಲ್ಲಿಸಿತು. ಮನುಷ್ಯರಲ್ಲಿ ಸೋಂಕು ಅಲ್ಲಿಗೆ ನಿಂತಿತು. ೨೦೦೩ರಿಂದೀಚೆಗೆ ವಿಶ್ವ ಆರೋಗ್ಯ ಸಂಸ್ಥೆಗೆ ವರದಿಯಾದ ಒಂಬೈನೂರಕ್ಕೂ ಹೆಚ್ಚು ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಬದುಕಲಿಲ್ಲ. ಅವರಲ್ಲಿ ಅನೇಕರು ರೋಗಿಯಾದ ಇಲ್ಲವೇ ಸತ್ತ ಕೋಳಿಗಳನ್ನು ಮುಟ್ಟಿದವರು, ಕೊಯ್ದವರು, ಪುಕ್ಕ ಕಿತ್ತವರು.

ಭಾರತಕ್ಕೆ ಈ ರೋಗ ಮೊದಲು ಬಂದುದು ೨೦೦೬ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ನಮ್ಮ ರಾಜ್ಯದಲ್ಲಿ ೨೦೧೨ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ, ೨೦೨೦ರ ಮಾರ್ಚ್‌ನಲ್ಲಿ ಮೈಸೂರಿನಲ್ಲಿ ಮತ್ತು ದಾವಣಗೆರೆ ಜಿಲ್ಲೆಯಲ್ಲಿ ಇದು ಕಾಣಿಸಿತು. ೨೦೨೫ರ ಆರಂಭದಲ್ಲಿ ಚಿಕ್ಕಬಳ್ಳಾಪುರ ತಾಲೂಕಿನ ವರದಹಳ್ಳಿಯಲ್ಲಿಯೂ, ಬಳ್ಳಾರಿ ಜಿಲ್ಲೆಯ ಕುರೇಕುಪ್ಪದಲ್ಲಿಯೂ ಮತ್ತೆ ತಲೆಯೆತ್ತಿತು. ವರದಹಳ್ಳಿಯಲ್ಲಿ ಸತ್ತವು ಮನೆಗಳ ಹಿತ್ತಲಿನಲ್ಲಿ ಸಾಕಿದ ಕೋಳಿಗಳು. ಇಂಥ ರೋಗವನ್ನು ಭೋಪಾಲದ ಉನ್ನತ ಭದ್ರತಾ ಪಶುರೋಗ ಸಂಸ್ಥೆ ಖಚಿತಪಡಿಸಿದ ಬಳಿಕ ಸರಕಾರದ ಕಾರ್ಯಯೋಜನೆ ಜಾರಿಗೆ ಬರುತ್ತದೆ. ೨೦೨೧ರ ಯೋಜನೆಯಂತೆ ರೋಗ ಕಂಡ ಸ್ಥಳದ ಸುತ್ತ ಒಂದು ಕಿಲೋಮೀಟರಿನ ವ್ಯಾಪ್ತಿ ಸೋಂಕಿನ ವಲಯ. ಹತ್ತು ಕಿಲೋಮೀಟರಿನ ವರೆಗೆ ಕಣ್ಗಾವಲಿನ ವಲಯ. ಸೋಂಕಿನ ವಲಯದಲ್ಲಿ ಆರೋಗ್ಯವಾಗಿರುವ ಕೋಳಿಗೂ ವಿನಾಯಿತಿಯಿಲ್ಲ.

ಇದು ನೀತಿಯ ದೃಷ್ಟಿಯಿಂದ ಅತ್ಯಂತ ಕಠಿನವಾದ ಸ್ಥಿತಿ. ರೋಗವೇ ಇಲ್ಲದ ಕೋಳಿಯನ್ನು ಸಂಶಯದ ಮೇಲೆ ಕೊಲ್ಲಲಾಗುತ್ತದೆ. ಇದನ್ನು ಸಮರ್ಥಿಸುವ ಆಧಾರ ಒಂದೇ: ಮನುಷ್ಯರ ಹಾಗೂ ಮಿಕ್ಕ ಅಸಂಖ್ಯಾತ ಹಕ್ಕಿಗಳ ಪ್ರಾಣ. ಆ ಆಧಾರ ದೊಡ್ಡದು ನಿಜ. ಆದರೆ ಅದರೊಡನೆ ಎರಡು ಕರ್ತವ್ಯಗಳೂ ಬರುತ್ತವೆ. ಮೊದಲನೆಯದು, ಸಾವು ಆದಷ್ಟು ಶೀಘ್ರವಾಗಿಯೂ ಹಿಂಸೆಯಿಲ್ಲದೆಯೂ ಆಗಬೇಕು. ಎರಡನೆಯದು, ಊರಿನ ಹಿತಕ್ಕಾಗಿ ಒಬ್ಬಳು ತನ್ನ ಕೋಳಿಯನ್ನು ಒಪ್ಪಿಸಿದಾಗ ಅದರ ಬೆಲೆಯನ್ನು ಊರು ಕೊಡಬೇಕು. ನಾಶಪಡಿಸಿದ ಕೋಳಿಗಳಿಗೆ ಕೇಂದ್ರ ಮತ್ತು ರಾಜ್ಯ ಸರಕಾರಗಳು ಸಮಪಾಲಿನಲ್ಲಿ ಪರಿಹಾರ ನೀಡುವ ವ್ಯವಸ್ಥೆಯಿರುವುದು ಇದಕ್ಕಾಗಿಯೇ. ೨೦೦೮ರಲ್ಲಿ ಪಶ್ಚಿಮ ಬಂಗಾಳದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಹಕ್ಕಿಗಳನ್ನು ಕೊಂದಾಗ ಹಳ್ಳಿಯ ಜನ ಕೋಳಿಗಳನ್ನು ಮನೆಯೊಳಗೆ ಬಚ್ಚಿಟ್ಟರೆಂಬ ವರದಿಗಳು ಬಂದವು. ನ್ಯಾಯವಾದ ಬೆಲೆ ಸಕಾಲದಲ್ಲಿ ದೊರಕುವುದೆಂಬ ನಂಬಿಕೆ ಇಲ್ಲದಿರುವಲ್ಲಿ ಬಡವಳು ಕೋಳಿಯನ್ನು ಬಚ್ಚಿಟ್ಟರೆ ತಪ್ಪು ಅವಳೊಬ್ಬಳದೇ ಅಲ್ಲ.

ಹಕ್ಕಿ ಜ್ವರಕ್ಕೂ ಲಸಿಕೆಯಿದೆಯಲ್ಲ, ಕೊಲ್ಲುವುದೇಕೆ ಎಂದು ಕೆಲವರು ಕೇಳಬಹುದು. ಫ್ರಾನ್ಸ್ ದೇಶ ೨೦೨೩ರ ಅಕ್ಟೋಬರಿನಿಂದ ತನ್ನ ಬಾತುಕೋಳಿಗಳಿಗೆ ಲಸಿಕೆ ಹಾಕತೊಡಗಿದೆ. ಆದರೆ ಲಸಿಕೆ ಪಡೆದ ಹಕ್ಕಿ ರೋಗದ ಚಿಹ್ನೆಯನ್ನು ತೋರದೆಯೇ ವೈರಸ್ಸನ್ನು ಹೊತ್ತಿರಬಹುದೆಂಬ ಸಂಶಯ ಉಳಿಯುತ್ತದೆ. ಅಂಥ ಹಕ್ಕಿಗಳನ್ನು ಪದೇ ಪದೇ ಪರೀಕ್ಷಿಸುತ್ತಿರಬೇಕು. ಪ್ರತಿ ಹಿತ್ತಲಿಗೂ ಆ ಪರೀಕ್ಷೆಯನ್ನು ಒಯ್ಯುವುದು ಸುಲಭದ ಮಾತಲ್ಲ.

ಔಷಧಕ್ಕೂ ನೀತಿಯುಂಟು

ಚಿಕಿತ್ಸೆಯೆಂದೊಡನೆ ಅದು ಪುಣ್ಯದ ಕೆಲಸವೆಂದು ಮನಸ್ಸು ಒಪ್ಪುತ್ತದೆ. ಆದರೆ ಅಲ್ಲಿಯೂ ವಿವೇಚನೆ ಬೇಕು. ವೈದ್ಯರನ್ನು ಕೇಳದೆ ಅಂಗಡಿಯಿಂದ ಪ್ರತಿಜೈವಿಕದ ಪುಡಿಯನ್ನು ತಂದು ನೀರಿಗೆ ಬೆರೆಸುವ ರೂಢಿ ಹಲವೆಡೆ ಇದೆ. ವೈರಸ್ಸಿನ ರೋಗಕ್ಕೆ ಪ್ರತಿಜೈವಿಕದಿಂದ ಪ್ರಯೋಜನವಿಲ್ಲ. ಅಷ್ಟೇ ಅಲ್ಲ, ಅರೆಬರೆಯಾಗಿ ಬಳಸಿದಾಗ ಅದನ್ನು ಜಯಿಸಬಲ್ಲ ಬ್ಯಾಕ್ಟೀರಿಯಗಳು ಉಳಿದು ಬೆಳೆಯುತ್ತವೆ. ಮುಂದೆ ಮನುಷ್ಯನಿಗೆ ಅದೇ ಔಷಧ ಬೇಕಾದಾಗ ಅದು ಕೈಕೊಡುತ್ತದೆ. ಮನುಷ್ಯರಿಗೆ ಕಟ್ಟಕಡೆಯ ಆಸರೆಯಾದ ಕೊಲಿಸ್ಟಿನ್ ಎಂಬ ಔಷಧವನ್ನು ಕೋಳಿ ಮೊದಲಾದ ಆಹಾರಪ್ರಾಣಿಗಳಿಗೆ ಕೊಡಬಾರದೆಂದು ಭಾರತ ಸರಕಾರ ೨೦೧೯ರಲ್ಲಿ ನಿಷೇಧಿಸಿದುದು ಈ ಕಾರಣದಿಂದ. ಔಷಧ ಪಡೆದ ಕೋಳಿಯ ಮೊಟ್ಟೆ, ಮಾಂಸಗಳನ್ನು ವೈದ್ಯರು ಹೇಳಿದಷ್ಟು ದಿನ ಬಳಸಬಾರದು. ಹೀಗೆ ಒಂದು ಕೋಳಿಯ ಮೇಲಿನ ಅವಿಚಾರದ ದಯೆ ಬೇರೊಬ್ಬರ ಮನೆಯ ಮಗುವಿಗೆ ಕೇಡಾಗಬಹುದು.

ಕಾನೂನು ಸಹ ಈ ಎರಡು ಮುಖಗಳನ್ನು ಕಂಡಿದೆ. ಸಂಕಟದಲ್ಲಿ ನರಳುವ ಪ್ರಾಣಿಯನ್ನು ಬದುಕಿಸಿಡುವುದೇ ಕ್ರೌರ್ಯವಾಗುವ ಸಂದರ್ಭವುಂಟೆಂಬುದನ್ನು ೧೯೬೦ರ ಪ್ರಾಣಿಹಿಂಸಾ ನಿವಾರಣ ಕಾಯದೆ ಒಪ್ಪುತ್ತದೆ. ೨೦೦೯ರ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ಕಾಯದೆ, ಪಟ್ಟಿಯಲ್ಲಿರುವ ರೋಗದ ಸಂಶಯ ಬಂದೊಡನೆ ತಿಳಿಸಬೇಕಾದುದು ಒಡೆಯನ ಕರ್ತವ್ಯವೆಂದು ವಿಧಿಸುತ್ತದೆ. ಹಕ್ಕಿ ಜ್ವರವೂ ಕೊಕ್ಕರೆ ರೋಗವೂ ಆ ಪಟ್ಟಿಯಲ್ಲಿವೆ.

ನೂರು ಕೋಳಿಗಳ ಸೀಸೆ

ಇನ್ನು ನಮ್ಮ ಹೇಂಟೆಯ ಕತೆಗೆ ಬರೋಣ. ಎರಡು ದಿನ ಅದನ್ನು ಬೇರೆಯಾಗಿ ಇರಿಸಿದ್ದಾಯಿತು. ಮೂರನೆಯ ದಿನ ಅದರ ಕತ್ತು ಪೂರ್ತಿ ತಿರುಚಿತು. ಕಾಳು ಹೆಕ್ಕಲು ಹೋದರೆ ಕೊಕ್ಕು ನೆಲಕ್ಕೆ ತಾಕದೆ ಪಕ್ಕಕ್ಕೆ ಹೊರಳುತ್ತಿತ್ತು. ನೀರನ್ನೂ ಕುಡಿಯಲಾರದಾಯಿತು. ಪ್ರಯೋಗಶಾಲೆಯ ಉತ್ತರವೂ ಬಂತು: ಕೊಕ್ಕರೆ ರೋಗವೇ, ಹಕ್ಕಿ ಜ್ವರವಲ್ಲ. ವೈದ್ಯರು, “ಇದು ಬದುಕುವುದಿಲ್ಲ, ಇನ್ನೂ ಎರಡು ದಿನ ನರಳಿಸುವುದರಲ್ಲಿ ಅರ್ಥವಿಲ್ಲ” ಎಂದರು. ವಿದ್ಯಾರ್ಥಿನಿ ಒಂದು ಗಳಿಗೆ ಸುಮ್ಮನಿದ್ದು ತಲೆಯಾಡಿಸಿದಳು. ವೈದ್ಯರು ಪಳಗಿದ ಕೈಯಿಂದ ಕತ್ತಿನ ಮೂಳೆಯನ್ನು ಸರಕ್ಕನೆ ಸರಿಸಿ ಕ್ಷಣದಲ್ಲಿ ಮುಗಿಸಿದರು. ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿದೆವು.

ಮುಂದಿನ ಹತ್ತು ದಿನಗಳಲ್ಲಿ ಆ ಮನೆಯ ಇನ್ನೂ ನಾಲ್ಕು ಕೋಳಿಗಳು ಸತ್ತವು. ಏಳು ಉಳಿದವು. “ಮದಲs ಕೊಯ್ದಿದ್ರ ಆ ನಾಲ್ಕೂ ಉಳೀತಿದ್ವೇನೋ” ಎಂದು ತಾಯಿ ನಮ್ಮನ್ನು ನೋಡದೆಯೇ ಹೇಳಿದರು. ಆ ನಾಲ್ಕಕ್ಕೆ ಸೋಂಕು ತಗುಲಿದುದು ಸತ್ತ ಹುಂಜದಿಂದಲೋ, ನಾವು ಬುಟ್ಟಿಯಲ್ಲಿಟ್ಟ ಹೇಂಟೆಯಿಂದಲೋ ಎಂದು ಯಾರು ಹೇಳಬಲ್ಲರು? ರೋಗ ತಗುಲಿದ ಮೇಲೆ ಚಿಹ್ನೆ ತೋರಲು ಸಾಮಾನ್ಯವಾಗಿ ಐದಾರು ದಿನಗಳು ಬೇಕು. ಹುಂಜವೇ ಕಾರಣವೆಂದು ಲೆಕ್ಕ ಹೇಳುತ್ತದೆ. ಆದರೂ ಆ ತಾಯಿಯ ಮಾತನ್ನು ನಾವು ತಳ್ಳಿಹಾಕಲಿಲ್ಲ. ನಷ್ಟ ಅವರದು, ಉಪದೇಶ ಮಾತ್ರ ನಮ್ಮದು.

ಆಗ ನಾವು ವೈದ್ಯರನ್ನು ಕೇಳಿದ ಪ್ರಶ್ನೆ ಇದು: “ಲಸಿಕೆ ಇರುವಾಗ ಈ ಕೋಳಿಗಳಿಗೆ ಏಕೆ ಹಾಕಿರಲಿಲ್ಲ?” ಅವರ ಉತ್ತರದಲ್ಲಿ ಇಡೀ ಸಮಸ್ಯೆಯ ಗಂಟು ಇತ್ತು. ಲಸಿಕೆಯ ಚಿಕ್ಕ ಸೀಸೆಯೆಂದರೂ ಅದು ನೂರು ಕೋಳಿಗಳಿಗೆ ಆಗುವಷ್ಟು. ಒಣಪುಡಿಯಾಗಿರುವ ಅದನ್ನು ದ್ರಾವಣದಲ್ಲಿ ಕಲಸಿದ ಮೇಲೆ ತಂಪಿನಲ್ಲಿಟ್ಟುಕೊಂಡು ಎರಡು ಗಂಟೆಗಳೊಳಗೆ ಬಳಸಬೇಕು. ಒಬ್ಬಳು ಎಂಟು ಕೋಳಿ ತಂದರೆ ತೊಂಬತ್ತೆರಡು ಕೋಳಿಗಳ ಲಸಿಕೆಯನ್ನು ಚೆಲ್ಲಬೇಕಾಗುತ್ತದೆ. ಒಂದು ಮನೆಗೆ ಅಸಾಧ್ಯವಾದುದು ಒಂದು ಓಣಿಗೆ ಸುಲಭಸಾಧ್ಯವೆಂದು ನಮಗೆ ಆಗ ಹೊಳೆಯಿತು.

ವಿದ್ಯಾರ್ಥಿನಿಯೂ ಅವಳ ಗೆಳತಿಯರೂ ರೋಗ ಕಾಣದ ನೆರೆಹೊರೆಯ ಮನೆಗಳನ್ನು ಸುತ್ತಿ ಪಟ್ಟಿ ಮಾಡಿದರು. ಒಂಬತ್ತು ಮನೆಗಳಲ್ಲಿ ೮೬ ಕೋಳಿಗಳು. ಲಸಿಕೆಯನ್ನು ತಂಪಾಗಿ ಇಡುವುದು ಹೇಗೆಂಬ ಪ್ರಶ್ನೆ ಬಂದಾಗ ಅದನ್ನೇ ತರಗತಿಯಲ್ಲಿ ಲೆಕ್ಕವಾಗಿ ಕೊಟ್ಟೆವು. ಅರ್ಧ ಕಿಲೋಗ್ರಾಂ ಮಂಜುಗಡ್ಡೆ ಕರಗಲು ಸುಮಾರು ೧,೬೭,೦೦೦ ಜೂಲ್ ಶಾಖ ಬೇಕು. ಬಟ್ಟೆ ಸುತ್ತಿದ ಡಬ್ಬಿಯೊಳಕ್ಕೆ ಸೆಕೆಂಡಿಗೆ ಹತ್ತು ಜೂಲಿನಂತೆ ಶಾಖ ನುಸುಳಿದರೂ ಮಂಜುಗಡ್ಡೆ ನಾಲ್ಕೂವರೆ ಗಂಟೆಗಳ ಕಾಲ ಉಳಿಯುತ್ತದೆ. ನಮಗೆ ಬೇಕಾಗಿದ್ದುದು ಎರಡು ಗಂಟೆ. ಕೋಳಿಗಳು ಗೂಡಿನಲ್ಲಿರುವ ನಸುಕಿನ ಹೊತ್ತನ್ನು ಆರಿಸಿಕೊಂಡೆವು. ವೈದ್ಯರ ಸಿಬ್ಬಂದಿ ಬಂದು ಒಂದೊಂದಾಗಿ ಚುಚ್ಚಿದರು. ಹುಡುಗಿಯರು ಹಿಡಿದುಕೊಟ್ಟರು. ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಯಿತು. ಆ ಓಣಿಯಲ್ಲಿ ಆ ಬೇಸಗೆ ಕೊಕ್ಕರೆ ರೋಗ ಮತ್ತೆ ಕಾಣಿಸಲಿಲ್ಲ.

ಶಾಖಕ್ಕೆ ಸುಲಭವಾಗಿ ಕೆಡದ ಲಸಿಕೆಗಳೂ ಈಗ ಇವೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡ ಐ-೨ ಎಂಬ ತಳಿಯ ಲಸಿಕೆಯನ್ನು ಮೊಜಾಂಬಿಕ್, ಟಾಂಜಾನಿಯ ಮೊದಲಾದ ದೇಶಗಳ ಹಳ್ಳಿಗಳಲ್ಲಿ ಕೋಳಿಯ ಕಣ್ಣಿಗೆ ಒಂದು ಹನಿ ಬಿಡುವುದರ ಮೂಲಕ ಕೊಡುತ್ತಾರೆ. ಹಳ್ಳಿಯ ಹೆಂಗಸರೇ ತರಬೇತಿ ಪಡೆದು ಈ ಕೆಲಸ ಮಾಡುತ್ತಾರೆ.

ಕಡೆಯ ಮಾತು

ಜಡ್ಡಾದ ಕೋಳಿಯ ಮುಂದೆ ನಿಂತಾಗ ನಾವು ಕೇಳಬೇಕಾದ ಪ್ರಶ್ನೆಗಳು ಮೂರು. ಇದಕ್ಕೆ ಗುಣವಾಗುವ ದಾರಿಯುಂಟೇ? ಇದು ಬದುಕಿರುವುದರಿಂದ ಉಳಿದವುಗಳಿಗೆ, ಮನುಷ್ಯರಿಗೆ ಎಷ್ಟು ಅಪಾಯ? ಬದುಕಿರುವಷ್ಟು ಕಾಲ ಇದು ಪಡುವ ಸಂಕಟವೆಷ್ಟು? ಗುಣವಾಗುವ ರೋಗಕ್ಕೆ ಕೊಲ್ಲುವುದು ಸೋಮಾರಿತನ. ಮನುಷ್ಯರಿಗೆ ಅಪಾಯವಾಗುವ ರೋಗದಲ್ಲಿ ಕೊಲ್ಲದಿರುವುದು ಹೊಣೆಗೇಡಿತನ. ಗುಣವಾಗದೆ ನರಳುವ ಜೀವವನ್ನು ನಮ್ಮ ಸಮಾಧಾನಕ್ಕಾಗಿ ಉಳಿಸಿಕೊಳ್ಳುವುದು ದಯೆಯಲ್ಲ. ಈ ಮೂರನ್ನೂ ತೂಗುವ ಮೊದಲು ಬುಟ್ಟಿಯೊಂದನ್ನು ತಂದು ಬೇರ್ಪಡಿಸುವುದು ವಿವೇಕ.

ದೇವರ ಹಿಪ್ಪರಗಿಯು ಮಡಿವಾಳ ಮಾಚಿದೇವರು ಹುಟ್ಟಿದ ಊರೆಂದು ಪ್ರಸಿದ್ಧವಾಗಿದೆ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯೂ ಇಲ್ಲಿಗೆ ದೂರವಲ್ಲ. ದಯೆಯ ಮಾತು ಈ ನೆಲಕ್ಕೆ ಹೊಸದಲ್ಲ. ಅದಕ್ಕೆ ವಿಜ್ಞಾನ ಸೇರಿಸುವುದು ಒಂದನ್ನೇ: ದಯೆ ಸಕಾಲದಲ್ಲಿ ಬರಬೇಕು. ಹೇಂಟೆಯ ಕತ್ತು ತಿರುಚಿದ ಮೇಲೆ ಕೊಲ್ಲುವುದೋ ಕಾಯುವುದೋ ಎಂದು ಚರ್ಚಿಸುವುದಕ್ಕಿಂತ, ಮೂರು ತಿಂಗಳು ಮೊದಲೇ ಓಣಿಯವರೆಲ್ಲ ಸೇರಿ ಒಂದು ಸೀಸೆಯನ್ನು ತರಿಸುವುದು ಮೇಲು.

ಆ ವಿದ್ಯಾರ್ಥಿನಿ ಈಗ ಬೇರೆ ಊರಿನಲ್ಲಿ ಓದುತ್ತಿದ್ದಾಳೆ. ಓಣಿಯ ಕೋಳಿಗಳ ಪಟ್ಟಿಯನ್ನು ಈಗ ಇಟ್ಟುಕೊಂಡಿರುವವರು ಅವಳ ತಾಯಿ. ಕಳೆದ ಸಲ ಅವರನ್ನು ಕಂಡಾಗ ಪಟ್ಟಿಯಲ್ಲಿ ೧೧೩ ಕೋಳಿಗಳಿದ್ದವು. “ಇನ್ನ ಎರಡು ಸೀಸೆ ಬೇಕಾಗ್ತಾವ್ರಿ, ಸರ” ಎಂದರು.